ಲಿಬ್ರಾದಾ ಕೆಳಗಿಡದ ಕೋಲು

ಸೋಮವಾರ ಬೆಳಿಗ್ಗೆ ಮದೇರಾದ ಸಂಸದರ ಕಚೇರಿಯ ಮುಂದೆ ಹಾದುಹೋಗುವವರಿಗೆಲ್ಲ ಲಿಬ್ರಾದಾ ಗೊತ್ತು. ಗಿಡ್ಡ ಹೆಂಗಸು, ತಲೆಗೆ ಹೂವಿನ ರುಮಾಲು, ಬಿಸಿಲಿಗೆ ಕಪ್ಪಾದ ಕೈ, ಆ ಕೈಯಲ್ಲಿ ಅವಳಿಗಿಂತ ಎತ್ತರದ ಒಂದು ಕೋಲು. ಅವಳಿಗೆ ತಲೆ ಕೆಟ್ಟಿದೆ ಎಂದು ಕೆಲವರು ಹೇಳುತ್ತಾರೆ. ಹಾಗೆ ಹೇಳುವವರನ್ನು ನಾನು ನನ್ನ ವ್ಯಾನಿಗೆ ಹತ್ತಿಸುವುದಿಲ್ಲ.

ನಾನು ನಿಕಾನೊರ್. ನಮ್ಮೂರ ಕೂಲಿಯವರನ್ನು ದ್ರಾಕ್ಷಿ ತೋಟಗಳಿಗೆ ಬಿಟ್ಟು ಕರೆತರುವವನು. ನಮ್ಮೂರು ಎಂದರೆ ಮೆಕ್ಸಿಕೊದ ವಹಾಕಾ ಬೆಟ್ಟಗಳ ಮೇಲಿನ ಯುಕುತಿಕೊ. ಅರ್ಧ ಊರು ಅಲ್ಲಿದೆ, ಇನ್ನರ್ಧ ಇಲ್ಲಿ, ಕ್ಯಾಲಿಫೋರ್ನಿಯಾದ ಈ ಬಯಲಲ್ಲಿ ಬಳ್ಳಿ ಸವರುತ್ತಿದೆ. ನಾನೂ ಲಿಬ್ರಾದಾಳೂ ಒಂದೇ ಗಡಿಯನ್ನು ಒಂದೇ ರೀತಿ ಕದ್ದು ದಾಟಿದವರು. ನಾನು ಬೇಗ ಬಂದಿದ್ದೆ, ಹಳೆಯ ಕ್ಷಮಾದಾನದ ಕಾನೂನಿನಲ್ಲಿ ಇಲ್ಲಿ ಉಳಿಯುವ ಕಾಗದ ಸಿಕ್ಕಿತು. ಅವಳು ತಡವಾಗಿ ಬಂದಳು, ಸಿಗಲಿಲ್ಲ. ವ್ಯತ್ಯಾಸ ಅಷ್ಟೇ. ಇದನ್ನು ಯಾರಾದರೂ ನ್ಯಾಯ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅವಳ ಗಂಡ ಸಬಿನೊ ಇಲ್ಲೇ, ಬಳ್ಳಿಯ ಸಾಲಿನಲ್ಲಿ, ಬಿಸಿಲು ಬಡಿದು ಸತ್ತ. ನಾವೆಲ್ಲ ಕೈಕೂಡಿಸಿ ಹೆಣವನ್ನು ಊರಿಗೆ ಕಳಿಸಿದೆವು. ಜೊತೆಗೆ ಹೋದವನು ನಾನು, ಹೆಂಡತಿಯಲ್ಲ. ಅವಳು ಹೋದರೆ ಮತ್ತೆ ಮರಳುಗಾಡು ದಾಟಿ ಬರಬೇಕು, ಬಂದು ಮುಟ್ಟುವುದು ದೇವರಿಗೇ ಗೊತ್ತು. ಇಲ್ಲಿ ಮಗಳು ಯಾದಿರಾ ಇನ್ನೂ ಶಾಲೆಯಲ್ಲಿದ್ದಳು, ಅವಳಿಗೆ ಬೇರೆ ದಿಕ್ಕಿಲ್ಲ. ವಿಮಾನ ನಿಲ್ದಾಣದ ಸರಕಿನ ಬಾಗಿಲ ತನಕ ಬಂದ ಲಿಬ್ರಾದಾ ಪೆಟ್ಟಿಗೆಯ ಮೇಲೆ ಕೈಯಿಟ್ಟು ನನಗೆ ಹೇಳಿದ್ದು ಒಂದೇ ಮಾತು.

"ಅವನ ಪಕ್ಕದ ಜಾಗ ನಂದು. ಯಾರಿಗೂ ಕೊಡಬ್ಯಾಡಿ ಅಂತ ಹೇಳು."

ಹೇಳುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ನಮ್ಮೂರಲ್ಲಿ ಊರವರಾಗಿ ಉಳಿಯಬೇಕಾದರೆ ಊರ ಕೆಲಸ ಮಾಡಬೇಕು. ಸಭೆ ಹೆಸರು ಕೂಗಿತೆಂದರೆ ಒಂದು ವರ್ಷ ಸಂಬಳವಿಲ್ಲದ ಸೇವೆ. ಎಲ್ಲೇ ಇದ್ದರೂ ಬರಬೇಕು. ಬಾರದವರ ಹೆಸರು ಹೊಡೆದುಹಾಕುತ್ತಾರೆ, ಆಮೇಲೆ ಅವರಿಗೆ ಮನೆಯ ಜಾಗವೂ ಇಲ್ಲ, ಮಣ್ಣಾಗುವ ಜಾಗವೂ ಇಲ್ಲ. ನಾನು ವಿಮಾನದಲ್ಲಿ ಹೋಗಿ, ನನ್ನ ಸೇವೆ ಮುಗಿಸಿ, ವಿಮಾನದಲ್ಲಿ ವಾಪಸು ಬಂದೆ. ಕಾಗದ ಇದ್ದವನಿಗೆ ಏನು ಕಷ್ಟ?

2013ರ ಬೇಸಿಗೆಯಲ್ಲಿ ವಾಷಿಂಗ್ಟನ್ನಿನ ಮೇಲ್ಮನೆ, ಕಾಗದವಿಲ್ಲದವರಿಗೆ ಕಾಗದ ಕೊಡುವ ವಲಸೆ ಸುಧಾರಣೆಯ ಮಸೂದೆಯನ್ನು ಪಾಸು ಮಾಡಿತು. ತೋಟದ ಅಂಚಿನಲ್ಲಿ ವ್ಯಾನಿನ ರೇಡಿಯೊ ಕೇಳಿಯೇ ಹೆಂಗಸರು ಕುಣಿದರು. ನಮ್ಮವರಿಗೆ ತಿಳಿದಿದ್ದು ನಮ್ಮೂರ ಸಭೆ ಒಂದೇ. ಅಲ್ಲಿ ಕೈ ಎತ್ತಿದರೆ ಮುಗಿಯಿತು, ಪಾದ್ರಿ ಬಂದು ಗೋಗರೆದರೂ ಬದಲಾಗದು. ಇಲ್ಲೂ ಕೈ ಎತ್ತಿದ್ದಾರೆ, ಇನ್ನೇನು ಬೇಕು ಅಂದುಕೊಂಡೆವು. ಅದೇ ಭಾನುವಾರ ಊರ ಸಭೆ ಕೂಡಿತು. ಇಲ್ಲಿರುವ ನಾವು ಲಿಬ್ರಾದಾಳ ಅಂಗಳದಲ್ಲಿ ತಮಾಲೆ ತಿನ್ನುತ್ತ ಫೋನಿನಲ್ಲಿ ಕೇಳುತ್ತಿದ್ದೆವು. ಹೆಸರು ಬರೆದುಕೊಳ್ಳುತ್ತಿದ್ದ ಊರ ಹಿರಿಯ ಫೌಸ್ತೊ ಮಾವ, ಮುಂದಿನ ವರ್ಷಕ್ಕೆ ತೋಪಿಲ್ ಯಾರು ಎಂದು ಕೇಳಿದ. ತೋಪಿಲ್ ಎಂದರೆ ಕೋಲು ಹಿಡಿದು ಊರು ಕಾಯುವ, ಕೆಲಸ ತಪ್ಪಿಸಿದವರನ್ನು ಹಿಡಿದು ತರುವ ಸೇವೆ.

"ನನ್ನ ಹೆಸರು ಬರ್ಕೋ ಫೌಸ್ತೊ ಮಾವ!" ಲಿಬ್ರಾದಾ ಫೋನಿಗೆ ಬಾಯಿಟ್ಟು ಕೂಗಿದಳು. "ಹೊಸ ವರ್ಷಕ್ಕೆ ಕಾಗದ ಹಿಡ್ಕೊಂಡು ಬರ್ತೀನಿ. ಹಂಗೇ ಸಬಿನೊನ ಮಾತಾಡಿಸ್ಕೊಂಡು ಹೋಗ್ತೀನಿ."

ಅಲ್ಲಿ ಕೈಗಳು ಎದ್ದವು. ಮುಗಿಯಿತು.

ಇಲ್ಲಿ ಮಾತ್ರ ಮುಗಿದಿರಲಿಲ್ಲ. ಇನ್ನೊಂದು ಮನೆ ಇದೆಯಂತೆ, ಕೆಳಮನೆ. ಅದು ಇನ್ನೊಂದು ಪಕ್ಷದ ಕೈಯಲ್ಲಿದೆಯಂತೆ. ಅವರು ಮಸೂದೆಯನ್ನು ತಳ್ಳಿಹಾಕಲೂ ಇಲ್ಲ, ಒಪ್ಪಲೂ ಇಲ್ಲ, ಮತಕ್ಕೇ ತರಲಿಲ್ಲ. ದ್ರಾಕ್ಷಿ ಒಣಗಿ, ಒಣದ್ರಾಕ್ಷಿಯಾಗಿ ಮಾರಿಹೋಯಿತು. ಮಸೂದೆ ಬಿದ್ದಲ್ಲೇ ಬಿದ್ದಿತ್ತು. ಹೊಸ ವರ್ಷ ಬಂತು, ಊರಿಂದ ಫೌಸ್ತೊ ಮಾವನ ಫೋನೂ ಬಂತು. ಆ ವರ್ಷ ಊರಿನ ಯಜಮಾನಿಕೆ ಅವನದು.

"ಏನಮ್ಮಾ ತೋಪಿಲ್, ಕೋಲು ಗೋಡೆಗೆ ಒರಗಿ ನಿಂತಿದೆ. ನೀನೆಲ್ಲಿ?"

"ಬಂದ್ರೆ ತಿರುಗಿ ಬರಕ್ಕಾಗಲ್ಲ ಮಾವ. ಮಗಳಿದಾಳೆ."

"ಹಂಗಾದ್ರೆ ಹೆಸರು ಹೊಡೀಬೇಕಾಗುತ್ತೆ. ನಾನು ಮಾಡಿದ ಕಟ್ಟಳೆ ಅಲ್ಲ ಇದು."

ನಾನು ಅಲ್ಲೇ ಕೂತಿದ್ದೆ. ಅವಳು ಅಳುತ್ತಾಳೆ ಅಂದುಕೊಂಡೆ. ಅವಳ ಮುಖ ಕೆಂಪಾಯಿತು.

"ಕೋಲು ಇಲ್ಲಿಗೆ ಕಳ್ಸು" ಎಂದಳು.

"ಅಲ್ಲಿ ಯಾರನ್ನ ಹಿಡೀತೀಯ? ಒಣದ್ರಾಕ್ಷೀನಾ?"

"ಅರ್ಧ ಊರು ಇಲ್ಲೈತೆ ಮಾವ. ಕೆಲಸ ತಪ್ಪಿಸಿದೋರು ಇಲ್ಲೂ ಅವರೆ. ಕಳ್ಸು, ಮಾಡಿ ತೋರಿಸ್ತೀನಿ. ಆಮೇಲೆ ಸಭೆ ಏನ್ ಹೇಳ್ತೋ ಹೇಳ್ಲಿ."

ಫೌಸ್ತೊ ಮಾವ ನಗುತ್ತಲೇ ಒಪ್ಪಿದ. ಊರ ತಿಂಡಿ ಹೊತ್ತು ತರುವ ಲಾರಿಯವನು ಹುರಿದ ಮಿಡತೆ, ಮೋಲೆ ಮಸಾಲೆಯ ಜೊತೆಗೆ ಕೋಲನ್ನೂ ತಂದ. ಕೋಲಿಗೆಲ್ಲ ಮೆಣಸಿನಕಾಯಿ ವಾಸನೆ ಹಿಡಿದಿತ್ತು. ಯಾರನ್ನು ಹಿಡಿಯುತ್ತಾಳೆ ಎಂದು ನಮಗೆಲ್ಲ ಕುತೂಹಲ, ಕೆಲವರಿಗೆ ಒಳಗೊಳಗೇ ಭಯ. ಹಬ್ಬಕ್ಕೆ ದುಡ್ಡು ಕೊಡದ ನನ್ನ ತಮ್ಮ ವಾರವಿಡೀ ಅವಳ ಬೀದಿಗೇ ಕಾಲಿಡಲಿಲ್ಲ.

ಅವಳು ಹಿಡಿಯಲು ಹೊರಟಿದ್ದು ಅವನನ್ನಲ್ಲ. ನಮ್ಮ ಭಾಗದ ಸಂಸದರು, ಅದೇ ಕೆಳಮನೆಯವರು, ಶಾಲೆಯ ಸಭಾಂಗಣದಲ್ಲಿ ಜನರ ಅಹವಾಲು ಕೇಳುತ್ತಾರೆಂದು ಸುದ್ದಿ ಬಂತು. "ಗಾಡಿ ತೆಗಿ ನಿಕಾನೊರ್" ಎಂದಳು.

"ಪೊಲೀಸರು ಇರ್ತಾರೆ ಕಣೇ. ಸಿಕ್ಕಿಬಿದ್ರೆ?"

"ಅವಿತ್ಕೊಂಡಿದ್ದು ಸಾಕಾಯ್ತು. ಬರ್ತೀಯೋ, ಬಸ್ಸಲ್ಲಿ ಹೋಗ್ಲೋ?"

ಬಾಗಿಲಲ್ಲಿ ಕಾವಲುಗಾರ ಕೋಲು ಒಳಗೆ ಬಿಡುವುದಿಲ್ಲ ಎಂದ. ಅವಳಿಗೆ ಕಾಲು ನೋವು ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಹೇಳಿದ್ದೇ ತಡ, ಲಿಬ್ರಾದಾ ಕುಂಟತೊಡಗಿದಳು. ಎರಡು ಹೆಜ್ಜೆಯ ಮೇಲೆ ಇನ್ನೊಂದು ಕಾಲಲ್ಲಿ ಕುಂಟಿದಳು. ಅವನು ಗಮನಿಸಲಿಲ್ಲ, ಪುಣ್ಯ.

ಸಂಸದರು ಒಳ್ಳೆಯ ಮಾತುಗಾರರು. ನಿಮ್ಮ ಬೆವರಿಲ್ಲದೆ ಈ ಕಣಿವೆಯೇ ಇಲ್ಲ ಎಂದರು. ನನ್ನ ಮನಸ್ಸು ನಿಮ್ಮ ಕಡೆಗಿದೆ ಎಂದರು. ಆದರೆ ಸರ್ಕಾರ ಎರಡು ಹೋಳಾಗಿದೆ, ಒಂದು ಮನೆ ಅವರದು, ಒಂದು ಮನೆ ನಮ್ಮದು, ಚುನಾವಣೆ ಮುಗಿಯುವ ತನಕ ಸುಧಾರಣೆಯ ಸಾಧ್ಯತೆ ಕಡಿಮೆ, ತಾಳ್ಮೆ ಇರಲಿ ಎಂದರು. ಪ್ರತಿ ಸಲವೂ ನಮ್ಮ ಮೂಗಿಗೆ ಸವರುವ ತುಪ್ಪ ಇದೇ. ಜನ ಚಪ್ಪಾಳೆ ತಟ್ಟಿದರು. ಲಿಬ್ರಾದಾ ಎದ್ದು, ಕುಂಟುವುದನ್ನು ಮರೆತು, ನೆಟ್ಟಗೆ ವೇದಿಕೆಯ ಮೆಟ್ಟಿಲ ತನಕ ನಡೆದಳು. ಕೋಲನ್ನು ಅಡ್ಡ ಹಿಡಿದಳು.

"ನನ್ನ ಹೆಸರು ಲಿಬ್ರಾದಾ. ನನ್ನತ್ರ ಕಾಗದ ಇಲ್ಲ. ಯಾರಿಗೆ ಬೇಕೋ ಬರ್ಕೊಳ್ಳಿ."

ಅದನ್ನು ಇಂಗ್ಲಿಷಿಗೆ ಅನುವಾದ ಮಾಡಬೇಕಾದವನು ನಾನು. ಹಾಗೂ ಹೀಗೂ ಮಾಡಿದೆ.

"ನಮ್ಮೂರಲ್ಲಿ ಹುದ್ದೆ ತಗೊಂಡು ಕೆಲಸ ಮಾಡದೋರು ಒಂದ್ ರಾತ್ರಿ ಊರ ಜೈಲಲ್ಲಿ ಮಲಗ್ತಾರೆ. ಈ ವರ್ಷದ ತೋಪಿಲ್ ನಾನು. ಏಳಿ, ಹೋಗೋಣ."

ಸಭೆ ಗೊಳ್ಳೆಂದಿತು. ಸಂಸದರೂ ನಕ್ಕರು. ನಗು ನಿಂತಮೇಲೆ ಮೆತ್ತಗೆ ಹೇಳಿದರು, "ತಾಯಿ, ನಾವು ಕೆಳಮನೇಲಿ ನಾನೂರಕ್ಕೂ ಮೇಲೆ ಜನ ಇದೀವಿ. ನಾನೊಬ್ಬ ಏನ್ ಮಾಡಕ್ಕಾಗುತ್ತೆ?"

"ಜೈಲು ಚಿಕ್ಕದು. ಒಬ್ಬೊಬ್ಬರನ್ನೇ ಕರ್ಕೊಂಡ್ ಹೋಗ್ತೀನಿ. ನೀವು ಹತ್ರ ಇದ್ರಿ, ಮೊದ್ಲು ನೀವು."

ಈ ಸಲ ಅವರು ನಗಲಿಲ್ಲ. ಪೊಲೀಸಿನವನು ಬಂದು ಅವಳ ತೋಳು ಹಿಡಿದ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ನಮ್ಮೂರ ಹೆಂಗಸೊಬ್ಬಳು ಎದ್ದು "ನನ್ನತ್ರಾನೂ ಕಾಗದ ಇಲ್ಲ" ಎಂದಳು. ಆಮೇಲೆ ಇನ್ನೊಬ್ಬಳು. ಆಮೇಲೆ ಆ ಸಾಲೇ ಎದ್ದು ನಿಂತಿತು. ಪೊಲೀಸಿನವನು ಸಂಸದರ ಮುಖ ನೋಡಿದ, ಅವರು ಕೈಯಾಡಿಸಿದರು. ಅವನು ಲಿಬ್ರಾದಾಳನ್ನು ಬಾಗಿಲ ತನಕ ಕರೆತಂದು ಬಿಟ್ಟ. ವ್ಯಾನಿನಲ್ಲಿ ಕೂತಮೇಲೆ ಅವಳು ನೀರಿನ ಬಾಟಲಿಯನ್ನು ಒಂದೇ ಉಸಿರಿಗೆ ಖಾಲಿ ಮಾಡಿದಳು.

ನಮ್ಮ ಜೊತೆ ಬಂದಿದ್ದ ಯಾದಿರಾ ಅದನ್ನೆಲ್ಲ ಫೋನಿನಲ್ಲಿ ಚಿತ್ರೀಕರಿಸಿ ಊರಿಗೆ ಕಳಿಸಿದಳು. ಊರ ಸಭೆಯವರು ಅಲ್ಲಿನ ಶಾಲೆಯ ಗೋಡೆಯ ಮೇಲೆ ಬಿಟ್ಟು ನೋಡಿದರಂತೆ. ಮುದುಕಿಯರು ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರಂತೆ. ಗಂಡಸರು ಜಗಳಕ್ಕೆ ಬಿದ್ದರು. ಊರಲ್ಲಿ ಇಲ್ಲದವಳು ಎಂಥ ತೋಪಿಲ್ ಎಂದ ಒಬ್ಬ. ನಿನ್ನ ಮನೆಯ ಚಾವಣಿಗೆ ದುಡ್ಡು ಬಂದಿದ್ದು ಎಲ್ಲಿಂದ ಎಂದಳು ಅವನ ಹೆಂಡತಿ. ಕೊನೆಗೆ ಫೌಸ್ತೊ ಮಾವ ಫೋನಿನಲ್ಲಿ ತೀರ್ಪು ಹೇಳಿದ.

"ನೋಡಮ್ಮಾ, ಅವನನ್ನ ಜೈಲಿಗೆ ಹಾಕಿದ್ಯಾ? ಇಲ್ಲ. ಅಂದ್ಮೇಲೆ ಕೆಲಸ ಮುಗಿದಿಲ್ಲ. ಬಿಟ್ಟು ಓಡಿಹೋದ್ಯಾ? ಅದೂ ಇಲ್ಲ. ಕೆಲಸ ಮುಗಿಯೋ ತನಕ ಕೋಲು ನಿಂದೇ, ಹೆಸರು ಊರಲ್ಲೇ. ಕೋಲು ಕೆಳಗಿಟ್ಟ ದಿನ ಹೆಸರು ಹೋಗುತ್ತೆ. ಎಲ್ಲರೂ ಕೈ ಎತ್ತಿದಾರೆ."

ಹಾಗಾಗಿ ಅವಳು ಪ್ರತಿ ಸೋಮವಾರ ಸಂಸದರ ಕಚೇರಿಯ ಮುಂದೆ ಕೋಲು ಹಿಡಿದು ನಿಲ್ಲುವುದು. ನಮ್ಮೂರಲ್ಲಿ ಯಾರೂ ತೋಪಿಲ್ ಸೇವೆಯನ್ನು ವರ್ಷಕ್ಕಿಂತ ಹೆಚ್ಚು ಮಾಡಿದ್ದಿಲ್ಲ, ಅವಳದು ವರ್ಷಗಟ್ಟಲೆ ನಡೆದಿದೆ. ಚುನಾವಣೆಗಳು ಬಂದು ಹೋದವು. ಮನೆಗಳು ಕೈ ಬದಲಾದವು, ಒಮ್ಮೆ ಇವರದು, ಒಮ್ಮೆ ಅವರದು. ಒಮ್ಮೆ ಎರಡೂ ಒಬ್ಬರದೇ ಆದವು, ಆಗಲೂ ಏನೂ ಆಗಲಿಲ್ಲ. ಹಳೆಯ ಸಂಸದರು ಹೋಗಿ ಹೊಸಬರು ಬಂದರು. ಲಿಬ್ರಾದಾ ಹೊಸಬರಿಗೂ ಜೈಲಿನ ವಿಷಯ ತಿಳಿಸಿದಳು. ಮಳೆಯಿದ್ದರೆ ಒಳಗಿನ ಗುಮಾಸ್ತೆ ಅವಳಿಗೆ ಕಾಫಿ ತಂದುಕೊಡುತ್ತಾಳೆ. ಲಿಬ್ರಾದಾ ಕುಡಿಯುತ್ತಾಳೆ, ಕೋಲು ಮಾತ್ರ ಗೋಡೆಗೆ ಒರಗಿಸುವುದಿಲ್ಲ.

ಪ್ರತಿ ವರ್ಷ ಸತ್ತವರ ಹಬ್ಬಕ್ಕೆ ನಾನು ಊರಿಗೆ ಹೋಗುತ್ತೇನೆ, ಸಬಿನೊನ ಗೋರಿಗೆ ಚೆಂಡುಹೂ ಇಟ್ಟು ಬರುತ್ತೇನೆ. ಈ ವರ್ಷವೂ ಹೊರಡುವ ಮುನ್ನ ಕಚೇರಿಯ ಮುಂದೆ ವ್ಯಾನು ನಿಲ್ಲಿಸಿ, ಅವನಿಗೆ ಏನಾದರೂ ಹೇಳಬೇಕೇ ಎಂದು ಕೇಳಿದೆ. ಅವಳ ಕಣ್ಣು ತುಂಬಿತು. ಕೋಲನ್ನು ಇನ್ನೊಂದು ಕೈಗೆ ಬದಲಾಯಿಸಿ ಕಣ್ಣೊರೆಸಿಕೊಂಡಳು.

"ಪಕ್ಕದ ಜಾಗದಲ್ಲಿ ಹುಲ್ಲು ಬೆಳೆದಿದ್ರೆ ಕಿತ್ತಾಕು. ಬರ್ತೀನಿ ಅಂತ ಹೇಳು. ಅವಸರ ಮಾಡಬ್ಯಾಡ ಅನ್ನು, ಇಲ್ಲಿ ಒಬ್ಬನನ್ನ ಒಳಗೆ ಹಾಕೋದು ಬಾಕಿ ಐತೆ."