ಪ್ರಣೀತಾಳ ಪಾಲಿನ ಕೋವಿ

ನಾಚಪ್ಪ ತೀರಿಕೊಂಡ. 2018ರ ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ಕ್ಯಾಲಿಫೋರ್ನಿಯಾದ ಯೂನಿಯನ್ ಸಿಟಿಯ ತನ್ನ ಮನೆಯಲ್ಲಿ, ಹೊಟ್ಟೆಯ ಕ್ಯಾನ್ಸರಿನಿಂದ. ಐವತ್ತೆರಡು ವರ್ಷವಾಗಿತ್ತು. ಹೆಂಡತಿ ದೇಚಮ್ಮ, ಮಗಳು ಪ್ರಣೀತಾ ಪಕ್ಕದಲ್ಲಿದ್ದರು. ಕೊಡವರಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ಇಲ್ಲಿ ನಾವು ಒಬ್ಬೊಬ್ಬರಿಗೂ ಫೋನು ಮಾಡಿ ಹೇಳಿದೆವು.

ಅವನನ್ನು ಕನ್ನಡ ಕೂಟದ ಎಷ್ಟೋ ಜನ ನೋಡಿರುತ್ತೀರಿ, ಹೆಸರು ಗೊತ್ತಿರಲಿಕ್ಕಿಲ್ಲ. ಸಭೆ ನಡೆಯುವಾಗ ಹಾಲಿನ ಏಸಿ ಕೈಕೊಟ್ಟರೆ ಕುರ್ಚಿಯ ಮೇಲೆ ಹತ್ತಿ ನಿಂತಿರುತ್ತಿದ್ದ ಎತ್ತರದ ಮನುಷ್ಯ, ದಪ್ಪ ಮೀಸೆ, ಅವನೇ. ಸೈನ್ಯದಲ್ಲಿದ್ದು ಬಂದವನು. ದೇಚಮ್ಮನಿಗೆ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದ್ದರಿಂದ ಅವಳ ಹಿಂದೆ ಬಂದ. ಇಲ್ಲಿ ಓದಿ, ಪರೀಕ್ಷೆ ಕಟ್ಟಿ, ಫಾಸ್ಟರ್ ಸಿಟಿಯ ಔಷಧಿ ಕಂಪನಿಯೊಂದರಲ್ಲಿ ಕಟ್ಟಡದ ಏಸಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. "ಔಷಧಿ ಕಂಡುಹಿಡಿಯೋರು ಬೆವರಬಾರದಲ್ಲ ಮಾರಾಯ, ಅದಕ್ಕೇ ನನ್ನ ಇಟ್ಟಿದ್ದಾರೆ" ಅನ್ನುತ್ತಿದ್ದ. ಕೊನೆಗೆ ಅವನಿಗೆ ಕೊಟ್ಟ ಯಾವ ಔಷಧಿಯೂ ಹಿಡಿಸಲಿಲ್ಲ.

ನಾನು ಮೈಸೂರಿನವನು, ಸಸ್ಯಾಹಾರಿ, ಪಟಾಕಿಗೂ ಹೆದರುವವನು. ನನ್ನ ಹೆಸರು ನಂಜುಂಡಸ್ವಾಮಿ. ಅದರಲ್ಲಿ ಸ್ವಾಮಿಯನ್ನಷ್ಟೇ ಅವನು ಉಳಿಸಿಕೊಂಡಿದ್ದ.

"ಅಲ್ಲ ಸ್ವಾಮಿ, ಆಯುಧಪೂಜೆಗೆ ನೀನು ಎಂತ ಇಡ್ತೀಯ? ಸ್ಕ್ರೂಡ್ರೈವರಾ?"

"ಕಾರು."

"ಕಾರಿಗೆ ಕುಂಬಳಕಾಯಿ ಒಡೀತೀಯ. ಫ್ರೀವೇನಲ್ಲಿ ಅದು ದಿನಾ ಜನರನ್ನ ಕೊಲ್ತದೆ, ಅದರ ಹೆದರಿಕೆ ಇಲ್ಲ. ನನ್ನ ಕೋವಿ ಕಂಡ್ರೆ ಮಾತ್ರ ಸೋಫಾದ ಆ ತುದಿಗೆ ಹೋಗಿ ಕೂರ್ತೀಯ!"

ಹೋಗಿ ಕೂರುತ್ತಿದ್ದೆ, ನಿಜ. ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ಹಬ್ಬ ಬಂದಾಗ ಅವನು ಉಕ್ಕಿನ ಕಪಾಟಿನಿಂದ ಎರಡು ರೈಫಲ್ ಇಳಿಸಿ, ಖಾಲಿ ಇವೆಯೇ ಎಂದು ಎರಡೆರಡು ಸಲ ನೋಡಿ, ದೇವರ ಮುಂದೆ ಒರಗಿಸಿ, ಗಂಧ ಹಚ್ಚಿ ಹೂವು ಸಿಕ್ಕಿಸುತ್ತಿದ್ದ. ಕೊಡಗಿನಲ್ಲಿ ಅದಕ್ಕೆಂದೇ ಕೆಂಪು ಹಳದಿಯ ಒಂದು ಕಾಡುಹೂವು ಉಂಟು. ಇಲ್ಲಿ ಗ್ರೋಸರಿಯಲ್ಲಿ ಸಿಗುವ ಕಿತ್ತಳೆ ಬಣ್ಣದ ಲಿಲಿಯಲ್ಲಿ ನಡೆಸುತ್ತಿದ್ದ. ಪೂಜೆಯಾದ ಮೇಲೆ ಮನೆಯ ಹಿರಿಯ ಉಳಿದವರ ಕೈಗೆ ಕೋವಿ ಎತ್ತಿ ಕೊಡಬೇಕು. ಈ ಮನೆಯಲ್ಲಿ ಹಿರಿಯ ಅವನೇ, ತೆಗೆದುಕೊಳ್ಳುವವಳು ಒಬ್ಬಳೇ ಮಗಳು.

ಒಂದು ರೈಫಲ್ ಅವನದು. ಇನ್ನೊಂದನ್ನು ಪ್ರಣೀತಾ ಹನ್ನೊಂದು ವರ್ಷದವಳಿದ್ದಾಗ ತಂದು, ಇದು ನಿನ್ನದು ಎಂದಿದ್ದ. ಕಾಗದದಲ್ಲಿ ಅದೂ ಅವನ ಹೆಸರಿನಲ್ಲೇ ಇತ್ತು. ಊರಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರಂತೆ. "ಇವಳು ಹುಟ್ಟಿದಾಗ ನಾನು ಆಸ್ಪತ್ರೆ ಪಾರ್ಕಿಂಗ್ ಲಾಟಲ್ಲಿ ಕೈ ಕಟ್ಟಿಕೊಂಡು ನಿಂತಿದ್ದೆ. ಹಾರಿಸ್ಲಿಕ್ಕೆ ಕೋವಿಯೂ ಇಲ್ಲ, ಪರ್ಮಿಶನ್ನೂ ಇಲ್ಲ. ಒಂದು ಬಾಕಿ ಇತ್ತು ನೋಡು" ಎಂದು ನನಗೆ ಹೇಳಿದ್ದ. ಆಮೇಲೆ ಅವಳನ್ನು ಗುಂಡು ಹೊಡೆಯುವ ರೇಂಜಿಗೆ ಕರೆದುಕೊಂಡು ಹೋಗಿ ಕಲಿಸಿದ. ಅವಳಿಗೆ ಗುರಿ ಚೆನ್ನಾಗಿತ್ತು. ಹೈಸ್ಕೂಲು ಸೇರಿದ ಮೇಲೆ ಹೋಗುವುದನ್ನು ಬಿಟ್ಟಳು. ಅವನು ಕಾರಣ ಕೇಳಲಿಲ್ಲ.

ಕ್ಯಾನ್ಸರ್ ಗೊತ್ತಾದ ಆ ಚಳಿಗಾಲದಲ್ಲೇ ಒಂದು ಕಾನೂನಿನ ಪ್ರಶ್ನೆಯೂ ಬಂತು. ಅವನ ಬಳಿ ಇದ್ದ ಬಗೆಯ ರೈಫಲ್ಲುಗಳಿಗೆ ಕ್ಯಾಲಿಫೋರ್ನಿಯಾ ಹೊಸ ನಿಯಮ ತಂದಿತ್ತು. ಜೂನ್ ಮುಗಿಯುವುದರೊಳಗೆ ರಾಜ್ಯದಲ್ಲಿ ರಿಜಿಸ್ಟರ್ ಮಾಡಿಸಿದರೆ ಇದ್ದ ಹಾಗೇ ಇಟ್ಟುಕೊಳ್ಳಬಹುದು. ಆದರೆ ಹಾಗೆ ಮಾಡಿಸಿದ ಮೇಲೆ ಈ ರಾಜ್ಯದಲ್ಲಿ ಯಾರಿಗೂ ಕೊಡುವಂತಿಲ್ಲ. ಸತ್ತ ಮೇಲೆ ಮಕ್ಕಳೂ ಇಟ್ಟುಕೊಳ್ಳುವಂತಿಲ್ಲ. ಮನೆಯಲ್ಲಿರುವ ವಯಸ್ಸಿಗೆ ಬಂದ ಮಕ್ಕಳ ಹೆಸರನ್ನು ಜೊತೆಗೆ ಸೇರಿಸಲು ಅವಕಾಶವಿತ್ತು. ಪ್ರಣೀತಾಳಿಗೆ ಇನ್ನೂ ಹದಿನೇಳು. ಇನ್ನೊಂದು ದಾರಿ, ರೈಫಲನ್ನೇ ಬದಲಾಯಿಸುವುದು. ಕೈ ಸುತ್ತಿ ಹಿಡಿಯುವ ಹಿಡಿ ತೆಗೆದು, ಹೆಬ್ಬೆರಳು ಆಚೆ ದಾಟದಂತೆ ರೆಕ್ಕೆಯಂಥ ಹಲಗೆ ಇರುವ ಹಿಡಿ ಹಾಕಬೇಕು. ಹೆಗಲಿಗೆ ಒತ್ತುವ, ಹಿಂದೆ ಮುಂದೆ ಜರುಗುವ ಬಟ್ಟನ್ನು ಜರುಗದಂತೆ ಮಾಡಬೇಕು, ನಳಿಗೆಯ ತುದಿಯಲ್ಲಿ ಕಿಡಿ ಮರೆಸುವ ಕೊಳವೆಯನ್ನು ಬಿಚ್ಚಬೇಕು. ಆಗ ಅದು ಸಾಮಾನ್ಯ ರೈಫಲ್ಲು, ತಂದೆಯಿಂದ ಮಗಳಿಗೆ ಹೋಗಬಹುದು.

ಅವನಿಗೆ ಆ ರೆಕ್ಕೆ ಕಂಡರೆ ಆಗುತ್ತಿರಲಿಲ್ಲ. "ಮುರಿದ ಕೈಗೆ ಹಲಗೆ ಕಟ್ಟಿದ ಹಾಗೆ. ಯಾರಿಗಾದ್ರೂ ಕೊಡುವಂಥದ್ದಾ ಅದು?" ಅನ್ನುತ್ತಿದ್ದ. ಹಾಗಂದರೂ ಬದಲಾಯಿಸುವುದೆಂದೇ ಇದ್ದ, ಅವಳ ಸಲುವಾಗಿ.

ಆ ಫೆಬ್ರವರಿಯಲ್ಲಿ ಫ್ಲೋರಿಡಾದ ಶಾಲೆಯೊಂದರಲ್ಲಿ ಮಕ್ಕಳು ಗುಂಡಿಗೆ ಬಲಿಯಾದರು. ಮಾರ್ಚಿನಲ್ಲಿ ದೇಶದ ಎಲ್ಲ ಕಡೆ ಶಾಲೆಯ ಮಕ್ಕಳು ತರಗತಿ ಬಿಟ್ಟು ಹೊರಗೆ ಬಂದು ನಿಂತರು. ಪ್ರಣೀತಾಳೂ ನಿಂತಳು. ಅವತ್ತು ನಾನು ಅವನಿಗೆ ಬೇಳೆಸಾರು ತೆಗೆದುಕೊಂಡು ಹೋಗಿದ್ದೆ. ಶಾಲೆಯಿಂದ ಬಂದವಳು ಕೈಯಲ್ಲಿದ್ದ ರಟ್ಟಿನ ಬೋರ್ಡನ್ನು ಗೋಡೆಯ ಕಡೆ ತಿರುಗಿಸಿಟ್ಟಳು.

"ಎಂತ ಬರ್ದಿದ್ದೀ ಕುಂಞಿ?" ಎಂದ. ಕುಂಞಿ ಎಂದರೆ ಅವರಲ್ಲಿ ಮಗು.

"ನಥಿಂಗ್, ಅಪ್ಪ."

"ನಥಿಂಗ್ ಅಂತ ಬರೀಲಿಕ್ಕೆ ಅಷ್ಟು ದೊಡ್ಡ ಬೋರ್ಡಾ? ತೋರ್ಸು."

ತಿರುಗಿಸಿದಳು. ಇನ್ನು ಸಾಕು ಎಂಬರ್ಥದ ಎರಡು ಇಂಗ್ಲಿಷ್ ಪದ. ಅವನು ಓದಿದ.

"ಅಕ್ಷರ ಚೆನ್ನಾಗಿದೆ. ನಿನ್ನ ಕೋವಿ ಎಂತ ಮಾಡ್ಲಿ?"

"ಐ ಡೋಂಟ್ ವಾಂಟ್ ಇಟ್." ಅರ್ಥವಾಗಲಿಲ್ಲವೇನೋ ಎಂದು ಕನ್ನಡದಲ್ಲೂ ಹೇಳಿದಳು. "ನಂಗೆ ಬೇಡ, ಅಪ್ಪ."

ಅವನು ಮಗಳ ಮೇಲೆ ಕೂಗಾಡಲಿಲ್ಲ. ಅವಳು ಮಹಡಿಗೆ ಹೋದ ಮೇಲೆ ನನ್ನ ಕಡೆ ತಿರುಗಿ, "ಎರಡನ್ನೂ ರಿಜಿಸ್ಟರ್ ಮಾಡ್ತೇನೆ ಸ್ವಾಮಿ. ನಾನು ಹೋದ ಮೇಲೆ ಅವೂ ಹೋಗ್ಲಿ. ಯಾರಿಗೂ ರಗಳೆ ಬೇಡ" ಎಂದ. ಸಾರು ಕುಡಿಯಲಿಲ್ಲ.

ಕೀಮೋ ನಡೆಯುತ್ತಿದ್ದರೂ ಅರ್ಜಿಯನ್ನು ತಾನೇ ತುಂಬಿದ. ಅದು ವಾಪಸು ಬಂತು. ರೈಫಲ್ ಸ್ಪಷ್ಟವಾಗಿ ಕಾಣುವ ಚಿತ್ರ ಬೇಕು ಎಂದಿತ್ತು. ಅವನು ಕಳಿಸಿದ್ದು ಫೋನಿನಲ್ಲಿದ್ದ ಹಬ್ಬದ ಚಿತ್ರ. ನಳಿಗೆಯ ತುಂಬ ಲಿಲಿ, ಮೈಮೇಲೆಲ್ಲ ಗಂಧದ ಬೊಟ್ಟು, ಪಕ್ಕದಲ್ಲಿ ದೀಪ. ದೇಚಮ್ಮ ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡಳು.

"ಸರ್ಕಾರಕ್ಕೆ ಕೈಲ್‌ಪೊಳ್ದ್ ಫೋಟೋ ಕಳ್ಸಿದ್ದೀರಲ್ಲ! ಜೊತೆಗೆ ಕಡುಬು, ಪಂದಿಕರಿನೂ ಕಳ್ಸಬೇಕಿತ್ತು."

"ನನ್ನ ಕೋವಿಯ ಫೋಟೋ ಬೇರೆ ಎಲ್ಲುಂಟು? ಹೂವಿಲ್ಲದೆ ಕೋವಿದು ಯಾರಾದ್ರೂ ಫೋಟೋ ತೆಗೀತಾರಾ?" ಎಂದು ಅವನು ನಿಜವಾಗಿಯೇ ಕೇಳಿದ.

ನಗು ಕೇಳಿ ಪ್ರಣೀತಾ ಕೆಳಗೆ ಬಂದಳು. ಅಪ್ಪನ ಫೋನು ತೆಗೆದುಕೊಂಡು ಚಿತ್ರ ನೋಡಿದಳು, ಕೆಳಗಿದ್ದ ಸರ್ಕಾರದ ಇಂಗ್ಲಿಷ್ ಉತ್ತರವನ್ನೂ ಓದಿದಳು. ರಿಜಿಸ್ಟರ್ ಆದರೆ ಏನಾಗುತ್ತದೆ ಎಂಬುದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಸೋ ಇದು ನನಗೆ ಬರಲ್ಲ? ಎವರ್?"

"ಬರಲ್ಲ. ನೀನು ಬೇಡ ಅಂದ್ಯಲ್ಲ."

"ನಾನು ಬೇಡ ಅಂದೆ. ಬಟ್ ಯೂ ಡಿಡಂಟ್ ಆಸ್ಕ್ ಅಗೇನ್!"

"ಎಷ್ಟು ಸಲ ಕೇಳ್ಬೇಕು?"

"ಐ ಡೋಂಟ್ ನೋ, ಅಪ್ಪ. ಒನ್ ಮೋರ್ ಟೈಮ್."

ದೇಚಮ್ಮ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ಅಲ್ಲಿ ತೊಳೆಯುವ ಪಾತ್ರೆ ಯಾವುದೂ ಇರಲಿಲ್ಲ.

ನಾಚಪ್ಪ ಮತ್ತೆ ಕೇಳಲಿಲ್ಲ. ಅವನು ಹೇಳಿದ್ದಿಷ್ಟು: "ನನ್ನದಕ್ಕೆ ಒಳ್ಳೆ ಫೋಟೋ ತೆಗೆದು ರಿಜಿಸ್ಟರ್ ಮಾಡ್ತೇನೆ. ಅದು ನನ್ನ ಜೊತೆ ಮುಗೀಲಿ. ನಿನ್ನದಕ್ಕೆ ಆ ಹಾಳು ರೆಕ್ಕೆ ಹಾಕುವ. ಆಮೇಲೆ ನೀನು ಮಾರು, ಪೊಲೀಸಿಗೆ ಕೊಡು, ಇಟ್ಕೋ. ಬೇಡ ಅನ್ನೋದಾದ್ರೆ ಅದು ನಿನ್ನ ಕೈಗೆ ಬಂದ ಮೇಲೆ ಅನ್ನು."

ಅವಳು ತಲೆಯಾಡಿಸಿದಳು. ಒಪ್ಪಿಗೆಯೋ ಅಲ್ಲವೋ ನನಗೆ ಈಗಲೂ ತಿಳಿಯದು.

ಅವನ ಕೋವಿಯ ರಿಜಿಸ್ಟರ್ ಕೆಲಸ ಮೇ ತಿಂಗಳಲ್ಲಿ ಮುಗಿಯಿತು. ಅವಳ ಕೋವಿಗೆ ಹಾಕುವ ಬಿಡಿಭಾಗಗಳು ಬಂದವು. ಅಷ್ಟರಲ್ಲಿ ಅವನು ಹಾಸಿಗೆ ಹಿಡಿದಿದ್ದ. ಹಾಲಿನಲ್ಲೇ ಮಂಚ ಹಾಕಿಸಿಕೊಂಡಿದ್ದ. ನಾಳೆ ಮಾಡುವ, ನಾಡಿದ್ದು ಮಾಡುವ ಎನ್ನುತ್ತಲೇ ಜೂನ್ ಅರ್ಧ ಕಳೆಯಿತು. ಅಂಗಡಿಗೆ ಕೊಟ್ಟರೆ ಅವರೇ ಹಾಕಿಕೊಡುತ್ತಾರೆ ಎಂದೆ. "ನಿನ್ನ ಮಗನ ಮುಂಜಿ ಅಂಗಡಿಯಲ್ಲಿ ಮಾಡಿಸ್ತೀಯಾ?" ಎಂದು ನನ್ನ ಬಾಯಿ ಮುಚ್ಚಿಸಿದ.

ಕೊನೆಯ ಭಾನುವಾರ ಮಧ್ಯಾಹ್ನ ನಾನು ಹೋದಾಗ ಮಂಚದ ಮೇಲೆ ಬೆಡ್‌ಶೀಟು ಹಾಸಿ ರೈಫಲ್ ಮಲಗಿಸಿದ್ದರು. ಅವನು ದಿಂಬಿಗೆ ಒರಗಿ ಕುಳಿತಿದ್ದ, ಮೀಸೆ ಉದುರಿ ಮುಖ ಬೇರೆಯವರದರಂತೆ ಆಗಿತ್ತು. ಖಾಲಿ ಇದೆಯೇ ಎಂದು ತಾನೇ ನೋಡಿದ, ಅವಳಿಗೂ ನೋಡಲು ಹೇಳಿದ. ತಿರುಪು ತಿರುಗಿಸುವ ಬಲ ಅವನ ಬೆರಳಿಗೆ ಇರಲಿಲ್ಲ. ಪ್ರಣೀತಾ ತಿರುಗಿಸಿದಳು. ಅವನು ಹೇಳುತ್ತ ಹೋದ. ಇದನ್ನು ಮೊದಲು, ಅದನ್ನು ಆಮೇಲೆ, ಅಷ್ಟು ಬಿಗಿ ಬೇಡ ಕುಂಞಿ. ನಡುವೆ ಎರಡು ಸಲ ಕಣ್ಣು ಮುಚ್ಚಿದ. ಅವಳು ಕೈ ನಿಲ್ಲಿಸಿ ಕಾದಳು. ನಾನು ಸೋಫಾದ ತುದಿಗೆ ಹೋಗಲಿಲ್ಲ. ಮಂಚದ ಪಕ್ಕದಲ್ಲೇ ನಿಂತು, ಬಿಚ್ಚಿದ ಹಳೆಯ ಹಿಡಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದೆ.

ಮುಗಿದಾಗ ಅದು ಅವನು ಹೇಳಿದಂತೆಯೇ ಕುರೂಪವಾಗಿತ್ತು.

"ಎತ್ತು" ಎಂದ.

ಅವಳು ಎತ್ತಿ, ಕಿಟಕಿಯಾಚೆಗಿನ ಖಾಲಿ ಬೇಲಿಯ ಕಡೆ ಮುಖ ಮಾಡಿ, ಹೆಗಲಿಗೆ ಒತ್ತಿ ಹಿಡಿದಳು. ರೆಕ್ಕೆಯ ಕಾರಣ ಹೆಬ್ಬೆರಳಿಗೆ ಜಾಗ ಸಿಗದೆ ಬಲಗೈ ಮೊಣಕೈ ಹೊರಕ್ಕೆ ಎದ್ದು ನಿಂತಿತು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ಹತ್ರ ಬಾ" ಎಂದ.

ಅವಳು ಹಿಡಿದ ಹಾಗೆಯೇ ಒಂದು ಹೆಜ್ಜೆ ಹಿಂದೆ ಸರಿದು ಮಂಚಕ್ಕೆ ತಾಗಿ ನಿಂತಳು. ನಾಚಪ್ಪ ದಿಂಬಿನಿಂದ ಬೆನ್ನು ಎತ್ತಿ, ಕೈ ಚಾಚಿ, ಎರಡು ಬೆರಳಲ್ಲಿ ಅವಳ ಮೊಣಕೈಯನ್ನು ಒಂದಿಷ್ಟು ಕೆಳಗೆ ಇಳಿಸಿದ.