ತೇಲಿ ಹೋದ ಚರಗ

ಗೊರೇಬಾಳದ ಮೈಲಾರಲಿಂಗಪ್ಪನಿಗೆ ಮಾತೆಂದರೆ ಮೈಯೆಲ್ಲ ಬೆವರು. "ನನ್ನ ಮಗ ಬಾಯಿಗೆ ಬೀಗ ಹಾಕಿ ಕೀಲಿ ಕಾಲುವಿಗೆ ಒಗದಾನ," ಎಂದು ಅವನ ಅವ್ವ ಗದ್ದೆಮ್ಮ ಕಂಡವರಿಗೆಲ್ಲ ಹೇಳಿ ನಗುತ್ತಿದ್ದಳು. ಅವನು ಹುಟ್ಟಿದಾಗ ಅವರ ಹೊಲದಲ್ಲಿ ಜೋಳ ಬೆಳೆಯುತ್ತಿತ್ತು. ಎಮ್ಮೆ ಕಾಯುವ ವಯಸ್ಸಿಗೆ ಕಾಲುವೆ ಬಂತು. ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ.ಗೆ ಸೇರುವ ಹೊತ್ತಿಗೆ ಅದೇ ಹೊಲದಲ್ಲಿ ಭತ್ತ ತೂಗುತ್ತಿತ್ತು.

ಧಾರವಾಡದಲ್ಲಿ ಎರಡು ಪಾಠಗಳು ಅವನ ಮನಸ್ಸಿಗೆ ಹಿಡಿಸಿದವು. ಒಂದು, ಲೋಕದ ಪೇಟೆಯಲ್ಲಿ ಯಾವ ದೇಶದ ಮಾಲು ಗೆಲ್ಲುತ್ತದೆ, ಯಾಕೆ ಗೆಲ್ಲುತ್ತದೆ ಎಂಬುದು. ಇನ್ನೊಂದು ಆ ವರ್ಷ ಹೊಸದಾಗಿ ಶುರುವಾದದ್ದು: ನೆಲ, ನೀರು ಕೆಟ್ಟರೆ ಆ ನಷ್ಟವನ್ನು ಹೊರುವವರು ಯಾರು ಎಂಬುದು. ಎರಡನ್ನೂ ಕಲಿಸುತ್ತಿದ್ದ ಸರ್ ಒಬ್ಬರೇ. ಪ್ರತಿಯೊಬ್ಬರೂ ತರಗತಿಯ ಮುಂದೆ ನಿಂತು ಒಂದು ವಿಷಯ ಹೇಳಬೇಕೆಂಬುದು ಅವರ ಕಟ್ಟಳೆ. ಮೈಲಾರಲಿಂಗಪ್ಪ ಒಮ್ಮೆ ಎದ್ದ, ಬೆವರಿದ, ಕೂತ. ಮತ್ತೊಮ್ಮೆಯೂ ಅಷ್ಟೇ.

"ಹಬ್ಬ ಮುಗಿಸಿಕೊಂಡು ಬಾರಪಾ," ಅಂದರು ಸರ್. "ಬಂದ ಮ್ಯಾಲೆ ಮಾತಾಡಲಿಲ್ಲಂದ್ರ ಪರೀಕ್ಷಾಕ್ಕ ನಿನ್ನ ಹೆಸರು ಕಳಸಾಂಗಿಲ್ಲ ನೋಡು."

ಸೀಗಿ ಹುಣ್ಣಿಮೆಗೆ ಊರಿಗೆ ಬಂದವನ ಮುಖ ಬಾಡಿತ್ತು. ಗದ್ದೆಮ್ಮ ಮಾತ್ರ ಬುಟ್ಟಿ ತುಂಬ ಕರಿಗಡಬು, ಸಜ್ಜಿ ರೊಟ್ಟಿ, ಪುಂಡಿ ಪಲ್ಲೆ ಹೊತ್ತು ಹೊಲಕ್ಕೆ ನಡೆದಳು. ಬಸುರಿ ಭೂಮಿತಾಯಿಗೆ ಬಯಕೆಯ ಊಟ ಬಡಿಸುವ ದಿನ ಅದು. ಆ ಅಡಿಗೆಯನ್ನು ಬೆಳೆಯ ನಡುವೆ ಚೆಲ್ಲುವುದಕ್ಕೆ ಚರಗ ಎನ್ನುತ್ತಾರೆ.

"ಹುಲಿಗ್ಯೋ!" ಎಂದು ಚರಗದ ಕೂಗು ಹಾಕಿ ಗದ್ದೆಮ್ಮ ಚೆಲ್ಲಿದಳು. ಜೋಳದ ಕಾಲದಲ್ಲಾದರೆ ಚರಗ ಮಣ್ಣಿಗೆ ಬಿದ್ದು ಅಲ್ಲೇ ಉಳಿಯುತ್ತಿತ್ತು. ಈಗ ಭತ್ತದ ಬುಡದಲ್ಲಿ ನಿಂತ ನೀರಿನ ಮೇಲೆ ಬಿತ್ತು. ಕಡಬು, ರೊಟ್ಟಿ ಚೂರು ಮೆಲ್ಲಗೆ ತೇಲಿದವು, ಬದುವಿನ ಗಂಡಿಯಲ್ಲಿ ನುಸುಳಿದವು, ಕೆಳಗಿನ ಅಮೀನ್‌ಸಾಬ್‌ನ ಜೋಳದ ಹೊಲಕ್ಕೆ ಇಳಿದವು.

ಅಮೀನ್‌ಸಾಬ್ ತೋಯ್ದ ಕಡಬೊಂದನ್ನು ಎತ್ತಿ ಹಿಡಿದು ಬಂದ. "ಗದ್ದೆಮ್ಮಕ್ಕಾ, ನಿಮ್ಮ ಭೂಮಿತಾಯಿಗಿ ಹಸಿವಿಲ್ಲೇನು? ಊಟ ನಮ್ಮ ಹೊಲಕ್ಕ ಬಂದೈತಿ!"

"ಹೊಲ ಬ್ಯಾರೆ ಆದ್ರ ತಾಯಿ ಬ್ಯಾರೆ ಆಗ್ತಾಳೇನೋ?" ಅಂದಳು ಗದ್ದೆಮ್ಮ.

"ಕಡಬು ಬಂದ್ರ ಖುಷಿ ಅಕ್ಕಾ. ಆದ್ರ ನಿಮ್ಮ ನೀರೂ ಬರಾಕತ್ತೈತಿ. ಬಾ, ತೋರಸ್ತೀನಿ."

ಅವನ ಹೊಲದ ಅಂಚಿನಲ್ಲಿ ಉಪ್ಪು ಚೆಲ್ಲಿದ ಹಾಗೆ ಬಿಳಿ ಸವಳು ಎದ್ದಿತ್ತು. ಎಳೆ ಜೋಳ ಹಳದಿಯಾಗಿತ್ತು. ಗದ್ದೆಮ್ಮನ ನಗೆ ನಿಂತಿತು. "ಇಷ್ಟು ದಿನ ಯಾಕ ಹೇಳಲಿಲ್ಲೋ ಮಾರಾಯ?"

"ಬಾಜೂ ಹೊಲದವರ ಕೂಡ ಜಗಳ ಯಾಕ ಅಂತ."

"ಜಗಳ ಮಾಡಿದ್ರ ನಿನ್ನ ಹೊಲಾದ್ರೂ ಉಳೀತಿತ್ತು. ನಾಳೆ ಸನಿಕೆ ತಗೊಂಡು ಬಾ. ನಮ್ಮ ಬದುವಿನ ಒಳಗ ಬಸಿಗಾಲುವಿ ತೋಡಿ ನೀರು ಹಳ್ಳಕ್ಕ ಬಿಡೂಣು. ಒಂದು ಸಾಲು ಭತ್ತ ಹೋದ್ರ ಹೋಗಲಿ."

ಬದುವಿನ ಮೇಲೆ ನಿಂತ ಮೈಲಾರಲಿಂಗಪ್ಪ ಒಮ್ಮೆ ಸವಳನ್ನು ನೋಡಿದ, ಒಮ್ಮೆ ಕಡಬನ್ನು ನೋಡಿದ. ಕಣ್ಣು ಅರಳಿದವು. "ಯವ್ವಾ, ಬುತ್ತಿಗಿ ನಾಕು ಕಡಬು ಜಾಸ್ತಿ ಕಟ್ಟು," ಅಂದ.

ಧಾರವಾಡದಲ್ಲಿ ಅವನ ಸರದಿ ಬಂತು. ಎದ್ದ. ಬೆವರಿದ. ಕೂಡಲಿಲ್ಲ. ಚೀಲದಿಂದ ಕಡಬು ತೆಗೆದು ಮೇಜಿನ ಮೇಲಿಟ್ಟ. ತರಗತಿ ಗೊಳ್ಳೆಂದು ನಕ್ಕಿತು. ಆ ನಗೆಯಲ್ಲಿ ಅವನ ಬೀಗ ಕಳಚಿತು.

"ಇಂಥಾದ್ದ ಕಡಬು ನಮ್ಮ ಹೊಲದಾಗ ಚೆಲ್ಲಿದ್ದು, ಅಮೀನ್‌ಸಾಬ್ ಕಾಕಾನ ಹೊಲಕ್ಕ ಹೋತ್ರಿ," ಎಂದು ಶುರು ಮಾಡಿದ. "ಇದರ ಹಿಂದ ನೀರೂ ಹೋತು, ಸವಳೂ ಹೋತು. ನಮ್ಮ ಅಕ್ಕಿ ಪ್ಯಾಟ್ಯಾಗ ಅಗ್ಗ, ಅದಕ್ಕ ಗೆದ್ದೀವಿ ಅಂತೀವ್ರಿ. ಕಾಕಾನ ಜೋಳ ಸವಳಿಗೆ ಸುಟ್ಟದ್ದು ಆ ದರದಾಗ ಐತೇನ್ರಿ? ಯಾವ ದೇಶದ ಮಾಲು ಅಗ್ಗ ಅಂದ್ರೂ ನಾ ಮೊದ್ಲು ಕೇಳೂದು ಇದೇರಿ: ಕೆಳಗಿನ ಹೊಲ ಯಾರದು?"

ಗಂಟೆ ಹೊಡೆದರೂ ಅವನು ನಿಲ್ಲಿಸಲಿಲ್ಲ. ಸರ್ ಕಡಬು ಮುರಿದು ಬಾಯಿಗಿಟ್ಟರು. "ಸಾಕಪಾ, ಹೆಸರು ಕಳಸ್ತೀನಿ. ಇನ್ನ ಕೂಡು, ಉಳಿದವರೂ ಮಾತಾಡಲಿ!"

ಮುಂದಿನ ಸೀಗಿ ಹುಣ್ಣಿಮೆಗೆ ಗದ್ದೆಮ್ಮ ಚರಗ ಚೆಲ್ಲಿದಾಗ ಕಡಬು ಬಸಿಗಾಲುವೆಗೆ ಇಳಿದು ಹಳ್ಳದ ದಾರಿ ಹಿಡಿದವು. ಆಚೆ ದಂಡೆಯಲ್ಲಿ, ಹಸಿರು ಜೋಳದ ಮುಂದೆ, ಅಮೀನ್‌ಸಾಬ್ ಹೆಗಲ ಮೇಲಿನ ವಲ್ಲಿ ಹಾಸಿಕೊಂಡು ಕೂತಿದ್ದ.

"ಅಕ್ಕಾ, ಹೊಲ ಉಳೀತು, ಕಡಬು ತಪ್ಪಿತು. ಇದ್ಯಾವ ನ್ಯಾಯ?"

"ಕಾಕಾ, ಅದಕ್ಕೂ ಪಾಠದಾಗ ಉತ್ತರ ಐತಿ," ಎಂದ ಮೈಲಾರಲಿಂಗಪ್ಪ ಬುಟ್ಟಿ ಹೊತ್ತು ಬಸಿಗಾಲುವೆ ದಾಟಿದ. ಉತ್ತರ ಹೇಳಿ ಮುಗಿಯುವಷ್ಟರಲ್ಲಿ ಬುಟ್ಟಿ ಖಾಲಿಯಾಗಿತ್ತು.