ಕಮಲಕ್ಕನ ದಪ್ಪಕ್ಷರ

ಮೊನ್ನೆ ಮೂಡುಬಿದಿರೆಯ ಬಸ್ ನಿಲ್ದಾಣದ ಎದುರು ಹೊಸ ಜವಳಿ ಅಂಗಡಿಯೊಂದರ ಫಲಕ ಕಂಡು ನಿಂತುಬಿಟ್ಟೆ. ಜವಳಿಗಾಗಿ ಅಲ್ಲ, ಅಕ್ಷರಕ್ಕಾಗಿ. ಅಂಥದ್ದನ್ನು ನೀವೂ ನೋಡಿರುತ್ತೀರಿ. ಒಂದು ಬದಿ ಹಲಸಿನ ತೊಳೆಯಂತೆ ಉಬ್ಬಿ ಕಪ್ಪಗೆ, ಇನ್ನೊಂದು ಬದಿ ಕೂದಲೆಳೆಯಷ್ಟು ತೆಳ್ಳಗೆ, ತಲೆಕಟ್ಟಿನ ತುದಿಯಲ್ಲಿ ಸಣ್ಣದೊಂದು ಚೂಪು ಕೊಕ್ಕು. ಹೊಟ್ಟೆತುಂಬ ಉಂಡವರು ಸಭೆಯಲ್ಲಿ ಎದ್ದು ನಿಂತಂಥ ಗತ್ತು. ನಾನು ನೋಡುತ್ತಿದ್ದ ಹಾಗೆಯೇ ನನ್ನ ಬಸ್ಸು ಹೊರಟುಹೋಯಿತು. ಇನ್ನೊಂದು ಬರುವವರೆಗೆ ಕಮಲಕ್ಕನನ್ನು ನೆನೆಯುವುದಕ್ಕೆ ಬೇಕಾದಷ್ಟು ಹೊತ್ತಿತ್ತು.

ಅರುವತ್ತರ ದಶಕದ ಆರಂಭ. ಪುಂಜಾಲಕಟ್ಟೆಯ ಹತ್ತಿರದ ಶಾಲೆಯೊಂದರಲ್ಲಿ ನಾನು ಹೊಸ ಮಾಸ್ಟ್ರು. ಕಮಲಕ್ಕನ ಮನೆಯ ಪಕ್ಕದ ಕೋಣೆ ನನ್ನ ಬಿಡಾರ. ಗಂಡ ತೀರಿದ ಮೇಲೆ ಆಕೆ ಬೀಡಿ ಕಟ್ಟಿ ಬದುಕುತ್ತಿದ್ದರು. ಕೇರಿಯ ಹೆಂಗಸರೆಲ್ಲ ಬೀಡಿ ಎಲೆಯ ಗೆರಸೆ ಹಿಡಿದು ಅವರ ಜಗಲಿಗೇ ಬಂದು ಕೂರುವುದು. ಎಲೆ ಕತ್ತರಿಸುವ ಸದ್ದಿನ ನಡುವೆ ದಿನವೂ ಏಳುತ್ತಿದ್ದ ಮಾತು ಒಂದೇ: ಬೇಸಿಗೆಯಲ್ಲಿ ನೀರಿಗೆ ಗುಡ್ಡ ಇಳಿಯಬೇಕು, ಊರಿಗೊಂದು ಬಾವಿ ಇಲ್ಲ. ಪಂಚಾಯತಿ ಚುನಾವಣೆ ಬಂದಾಗ ಅವರೆಲ್ಲ ಸೇರಿ ಕಮಲಕ್ಕನನ್ನೇ ನಿಲ್ಲಿಸಿದರು.

ಆವರೆಗೆ ಸದಸ್ಯರಾಗಿದ್ದವರು ಅಂಗಡಿಯ ಶೀನಪ್ಪಣ್ಣ. ಅವರು ಕಟ್ಟೆಯಲ್ಲಿ ಕೂತು, "ಅಕ್ಷರ ಬಾರದವಳು ಪಂಚಾಯತಿಗೆ ಹೋಗಿ ಏನು ಮಾಡುವುದು? ಅಲ್ಲಿಯೂ ಎಲೆ ಕತ್ತರಿಸುವುದಾ?" ಎಂದರಂತೆ. ಮಾತು ಜಗಲಿಗೆ ತಲುಪಿತು. ಆ ದಿನ ಕಮಲಕ್ಕ ಊಟ ಮಾಡಲಿಲ್ಲ.

ನಾನು ಉತ್ಸಾಹದಿಂದ ಒಂದನೆಯ ತರಗತಿಯ ಪುಸ್ತಕ ತಂದೆ. ಕಲಿಸುವ ವಿದ್ಯೆಯಲ್ಲಿ ನನಗೆ ಆಗ ಇದ್ದಷ್ಟು ನಂಬಿಕೆ ಮತ್ತೆಂದೂ ಇರಲಿಲ್ಲ ಎನ್ನಿ. ಕಮಲಕ್ಕ ಪುಟವನ್ನು ದೂರ ಹಿಡಿದರು, ಹತ್ತಿರ ತಂದರು, ಕೊನೆಗೆ ಮಡಿಚಿಟ್ಟರು. "ಇರುವೆ ಹೋದ ಹಾಗೆ ಕಾಣುವುದು ಮಾಸ್ಟ್ರೇ. ನನ್ನಿಂದ ಆಗುವುದಿಲ್ಲ," ಎಂದರು ತುಳುವಿನಲ್ಲಿ. ಕಣ್ಣು ಮಂಜಾಗಿದೆ ಎಂಬುದು ನನಗೆ ಹೊಳೆಯಲೇ ಇಲ್ಲ, ಮನಸ್ಸಿಲ್ಲ ಎಂದುಕೊಂಡೆ.

ಚುನಾವಣೆಯ ನೋಟೀಸು ಅಚ್ಚು ಹಾಕಿಸಲು ಪಾಣೆಮಂಗಳೂರಿಗೆ ಹೋದೆ. ಅಲ್ಲಿ ಹಸನಬ್ಬ ಬ್ಯಾರಿಗಳದ್ದು ಸಣ್ಣ ಪ್ರೆಸ್ಸು. ಅವರು ಮರದ ಡ್ರಾಯರ್ ಎಳೆದು ದೊಡ್ಡ ಅಚ್ಚುಮೊಳೆಗಳನ್ನು ತೋರಿಸಿದರು. "ಹೆಸರಿಗೆ ಇದನ್ನು ಹಾಕುವ. ಸಿನಿಮಾಕ್ಕೆ, ಯಕ್ಷಗಾನದಾಟದ ಮೇಳಕ್ಕೆ, ಮದ್ದಿನ ಕಂಪೆನಿಗೆ, ಎಲ್ಲದಕ್ಕೂ ಇದೇ. ಓಡುವ ಬಸ್ಸಿನಿಂದಲೂ ಕಾಣ್ತದೆ."

ಪ್ರೂಫ್ ತಂದು ಜಗಲಿಯಲ್ಲಿ ಹರಡಿದೆ. ಕಮಲಕ್ಕ ಬಗ್ಗಿದರು. ಬೆರಳು ಮೊದಲು ದಪ್ಪ ಹೊಟ್ಟೆಯ ಮೇಲೆ ಹೋಯಿತು, ಆಮೇಲೆ ತೆಳ್ಳನೆಯ ಗೆರೆಯನ್ನು ಹುಡುಕಿ ಹಿಡಿಯಿತು.

"ಇದು ನಾನಾ?"

"ನೀವೇ. ಇದು ಕ, ಇದು ಮ, ಇದು ಲ."

"ಇದು ಕಾಣ್ತದಲ್ಲ ಮಾಸ್ಟ್ರೇ," ಎಂದರು ಮೆಲ್ಲಗೆ.

ವಿಷಯ ತಿಳಿದ ಹಸನಬ್ಬರು ಪ್ರೆಸ್ಸಿನಲ್ಲಿ ಹಾಳಾದ ನೋಟೀಸುಗಳನ್ನೆಲ್ಲ ಬಸ್ಸಿನಲ್ಲಿ ಕಳಿಸತೊಡಗಿದರು. ಜಗಲಿಯ ಗೋಡೆ ತುಂಬ ಅಕ್ಷರವಾಯಿತು. ಕೈ ಬೀಡಿ ಕಟ್ಟುತ್ತಿದ್ದರೆ ಕಣ್ಣು ಗೋಡೆಯ ಮೇಲೆ. ಕಮಲಕ್ಕ ಯಾರ ಸಹಾಯವೂ ಇಲ್ಲದೆ ಓದಿದ ಮೊದಲ ಪದ "ಮೂಲವ್ಯಾಧಿ". ಹಾಗೆಂದರೇನು ಎಂದು ಹತ್ತಾರು ಹೆಂಗಸರ ಮುಂದೆ ನನ್ನನ್ನು ಕೇಳಿದರು. ನಾನು ಶಾಲೆಗೆ ಹೊತ್ತಾಯಿತೆಂದು ಎದ್ದೆ. ಅಂದು ಭಾನುವಾರ.

ಮತದಾನಕ್ಕೆ ಮುಂಚೆ ಶಾಲೆಯ ಅಂಗಳದಲ್ಲಿ ಸಭೆ. ಶೀನಪ್ಪಣ್ಣ ಎಲ್ಲರ ಎದುರು ಒಂದು ಪತ್ರಿಕೆಯನ್ನು ಕಮಲಕ್ಕನ ಕೈಗಿತ್ತು, "ನಾಲ್ಕು ಸಾಲು ಓದು, ಕೇಳುವ," ಎಂದರು. ಸಣ್ಣ ಅಕ್ಷರದ ಪುಟ. ಕಮಲಕ್ಕ ಅದನ್ನು ನೋಡಿದರು. ಹಿಂದೆ ಯಾರೋ ನಕ್ಕರು.

ಕಮಲಕ್ಕ ಪತ್ರಿಕೆಯನ್ನು ಮಡಿಚಿ ಹಿಂದಕ್ಕೆ ಕೊಟ್ಟರು. "ಇದು ನನ್ನ ಕಣ್ಣಿಗೆ ಹಿಡಿಯುವುದಿಲ್ಲ. ನಿಮ್ಮದನ್ನೇ ಓದ್ತೇನೆ ಅಣ್ಣ," ಎಂದು ನೇರವಾಗಿ ಶಾಲೆಯ ಗೋಡೆಯ ಬಳಿಗೆ ನಡೆದರು. ಅಲ್ಲಿ ಶೀನಪ್ಪಣ್ಣನ ದೊಡ್ಡ ನೋಟೀಸು ಅಂಟಿಸಿತ್ತು. ರಸ್ತೆಗೆ ಕಾಣಲೆಂದು ಅವರೂ ಅದೇ ಪ್ರೆಸ್ಸಿನಲ್ಲಿ ಅದೇ ದಪ್ಪ ಅಕ್ಷರ ಹಾಕಿಸಿದ್ದರು. ಕಮಲಕ್ಕ ಬೆರಳಿಟ್ಟು, ತಡೆತಡೆದು, ಆದರೆ ಕೊನೆಯ ಸಾಲಿನಲ್ಲಿ ಕೂತವರಿಗೂ ಕೇಳುವ ಹಾಗೆ ಓದಿದರು: "ಊರಿಗೆ... ಬಾವಿ... ತೋಡಿಸುವೆನು."

ಆಮೇಲೆ ತಿರುಗಿ ನಿಂತು ಕೇಳಿದರು: "ಕಳೆದ ಸಲವೂ ಇದನ್ನೇ ಬರೆಸಿದ್ದಿರಂತೆ. ಆಗ ನನಗೆ ಓದಲಿಕ್ಕೆ ಬರುತ್ತಿರಲಿಲ್ಲ. ಬಾವಿ ಎಲ್ಲಿ ಉಂಟು ಅಣ್ಣ?"

ಹೆಂಗಸರ ಕಡೆಯಿಂದ ಎದ್ದ ನಗು ಗಂಡಸರನ್ನೂ ಹಿಡಿದುಕೊಂಡಿತು. ಶೀನಪ್ಪಣ್ಣನ ತಮ್ಮನೇ ನಕ್ಕದ್ದನ್ನು ನಾನು ಕಣ್ಣಾರೆ ಕಂಡೆ.

ಕಮಲಕ್ಕ ಗೆದ್ದರು. ಪಂಚಾಯತಿಯ ಮೊದಲ ಸಭೆಯಲ್ಲಿ ಗುಮಾಸ್ತರು, "ಪ್ರತಿಜ್ಞೆ ನಾನು ಹೇಳಿಕೊಡ್ತೇನೆ, ನೀವು ಹಿಂದಿನಿಂದ ಹೇಳಿ," ಎಂದರು. ಕಮಲಕ್ಕ ಸೆರಗಿನ ಮರೆಯಿಂದ ಸುರುಳಿ ಮಾಡಿದ್ದ ದೊಡ್ಡ ಹಾಳೆಯೊಂದನ್ನು ತೆಗೆದು ಬಿಡಿಸಿದರು. ಹಸನಬ್ಬರು ಪ್ರತಿಜ್ಞೆಯನ್ನು ಅವರೊಬ್ಬರಿಗಾಗಿ ಸಿನಿಮಾ ನೋಟೀಸಿನಷ್ಟು ದೊಡ್ಡದಾಗಿ ಅಚ್ಚು ಹಾಕಿ ಕೊಟ್ಟಿದ್ದರು. ಎಲ್ಲಿಯೂ ತಡೆಯದೆ ಓದಿ ಮುಗಿಸಿದರು. ಮುಂದಿನ ಬೇಸಿಗೆಗೆ ಮೊದಲು ಊರಿಗೆ ಬಾವಿ ತೋಡಿ ಆಯಿತು, ನೀರೂ ಸಿಕ್ಕಿತು.

ಈಗ ನನ್ನ ಕಣ್ಣಿಗೂ ವಯಸ್ಸಾಗಿದೆ. ವಾಚನಾಲಯದವರು ಮುದುಕರಿಗೆಂದೇ ದೊಡ್ಡ ಅಕ್ಷರದ ಪುಸ್ತಕಗಳನ್ನು ಬೇರೆ ಕಪಾಟಿನಲ್ಲಿ ಇಟ್ಟಿದ್ದಾರೆ. ಇಷ್ಟು ದಿನ, ಮಾಸ್ಟ್ರಾಗಿದ್ದವನೆಂಬ ಬಿಗುಮಾನದಿಂದ ಅತ್ತ ತಲೆ ಹಾಕಿರಲಿಲ್ಲ. ಮೊನ್ನೆ ಬಸ್ಸು ಇಳಿದವನು ನೇರ ಅಲ್ಲಿಗೇ ಹೋದೆ. ನಾಲ್ಕು ಜನ ಕೇಳುವ ಹಾಗೆ, "ಇದ್ದುದರಲ್ಲಿ ಎಲ್ಲಕ್ಕಿಂತ ದಪ್ಪ ಅಕ್ಷರದ್ದು ಕೊಡಿ," ಎಂದೆ.